ಕೆರೆಯಲ್ಲಿ ನಿದ್ದೆ, ಹೊಲದಲ್ಲಿ ಊಟ: ಚಳಿಗಾಲದ ಹಕ್ಕಿಗಳ ಲೆಕ್ಕ ತಪ್ಪುವುದು ಎಲ್ಲಿ?

ಜನವರಿ ಬಂತೆಂದರೆ ಪತ್ರಿಕೆಗಳಲ್ಲಿ ಎರಡರಲ್ಲೊಂದು ಸುದ್ದಿ ಖಾಯಂ. ಕೆರೆಗೆ ಈ ಸಲ ದಾಖಲೆ ಸಂಖ್ಯೆಯಲ್ಲಿ ವಲಸೆ ಹಕ್ಕಿಗಳು ಬಂದಿವೆ ಅನ್ನುವುದು ಒಂದು. ಹಕ್ಕಿಗಳೇ ಬಂದಿಲ್ಲ, ಪಕ್ಷಿಪ್ರಿಯರಿಗೆ ನಿರಾಸೆ ಅನ್ನುವುದು ಇನ್ನೊಂದು. ಕೆರೆ ಅದೇ, ಎಷ್ಟೋ ಸಲ ಫೋಟೊ ಕೂಡ ಹೋದ ವರ್ಷದ್ದೇ. ಓದಿದವರು ಸುಲಭವಾಗಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಹಕ್ಕಿ ಜಾಸ್ತಿ ಬಂದರೆ ಕೆರೆ ಚೆನ್ನಾಗಿದೆ, ಕಡಿಮೆಯಾದರೆ ಏನೋ ಕೆಟ್ಟಿದೆ.

ಇಪ್ಪತ್ತು ಚಳಿಗಾಲ ಏರಿ ಮೇಲೆ ನಿಂತು ಬೈನಾಕ್ಯುಲರ್ ಹಿಡಿದವರನ್ನು ಕೇಳಿ ನೋಡಿ, ಅವರು ಅಷ್ಟು ಬೇಗ ಹೂಂ ಅನ್ನುವುದಿಲ್ಲ. ಆ ವರ್ಷ ಮಳೆ ಹೇಗಿತ್ತು, ಕೆರೆಯಲ್ಲಿ ನೀರು ಎಷ್ಟು ಆಳ ನಿಂತಿತ್ತು, ಸುತ್ತಲಿನ ಹೊಲದಲ್ಲಿ ಏನು ಬಿತ್ತಿದ್ದರು ಎಂದು ಮೊದಲು ಕೇಳುತ್ತಾರೆ. ಇದು ಗೊತ್ತಿಲ್ಲದೆ ಬರೀ ಹಕ್ಕಿಗಳ ಸಂಖ್ಯೆ ಹೇಳುವುದು, ಊಟಕ್ಕೆ ಎಷ್ಟು ಜನ ಬಂದರು ಎಂದು ಹೇಳಿ ಮದುವೆ ಯಾರದ್ದು ಎಂದು ಹೇಳದೇ ಇದ್ದ ಹಾಗೆ.

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನೇ ತೆಗೆದುಕೊಳ್ಳೋಣ. ಕೆಂಪೇಗೌಡರ ಮಾಗಡಿ ಬೇರೆ. ಬೆಂಗಳೂರಿನ ಮಾಗಡಿ ರೋಡ್ ಹಿಡಿದು ಹೊರಟರೆ ಇಲ್ಲಿಗೆ ಬರುವುದಿಲ್ಲ! ಮಳೆನೀರು ಹಿಡಿದು ನೀರಾವರಿಗೆ ಬಳಸಲು ಕಟ್ಟಿದ ಕೆರೆ ಇದು. ವಿಸ್ತಾರ ಹೆಚ್ಚುಕಡಿಮೆ 50 ಹೆಕ್ಟೇರ್, ಅಂದರೆ ಸುಮಾರು 125 ಎಕರೆ. ಚಳಿಗಾಲದಲ್ಲಿ ಇಷ್ಟು ಜಾಗದಲ್ಲಿ ಸುಮಾರು 8 ಸಾವಿರ ಹಕ್ಕಿಗಳು ಸೇರುತ್ತವೆ. ಇಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ಅವುಗಳಲ್ಲಿ 130 ಜಾತಿಗಳು ವಲಸೆ ಬರುವಂಥವು. 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ ಮಾಗಡಿ ಕೆರೆಯೂ ಜಗತ್ತಿನ ಮಹತ್ವದ ಜೌಗು ಪ್ರದೇಶಗಳನ್ನು ಗುರುತಿಸುವ ರಾಮ್ಸಾರ್ ಪಟ್ಟಿ ಸೇರಿತು. ಅದಕ್ಕೂ ಮೊದಲು ಆ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ರಂಗನತಿಟ್ಟು ಒಂದೇ. ಅದು ಸೇರಿದ್ದು 2022ರಲ್ಲಿ.

ಮಾಗಡಿಗೆ ಹೆಸರು ತಂದದ್ದು ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ಹಿಂದಲೆಯಲ್ಲಿ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್, ಲಡಾಖ್‌ನ ಎತ್ತರದ ಸರೋವರಗಳ ದಂಡೆಯಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ನವೆಂಬರ್ ಹೊತ್ತಿಗೆ ಇಲ್ಲಿಗೆ ಬರುತ್ತದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ನಂಬರಿನ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ ಕಂಡಿವೆ. (ಹದಿನಾರು ಅನ್ನುವುದು ಊರಿನ ಹೆಸರು, ಕೆರೆಗಳ ಸಂಖ್ಯೆ ಅಲ್ಲ.)

ಈ ಹಕ್ಕಿ ಎವರೆಸ್ಟ್ ಮೇಲೆ ಹಾರುತ್ತದೆ ಅನ್ನುವ ಸಾಲು ಪ್ರತಿ ಲೇಖನದಲ್ಲೂ ಬರುತ್ತದೆ. ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ನೋಡಿದ ವಿಜ್ಞಾನಿಗಳಿಗೆ ಗೊತ್ತಾದದ್ದು ಇನ್ನೂ ಸ್ವಾರಸ್ಯದ ಸಂಗತಿ. ಅವು ಕಣಿವೆಗಳನ್ನು ಹುಡುಕಿಕೊಂಡು, ಬೆಟ್ಟದ ಮೈಗೆ ಅಂಟಿಕೊಂಡಂತೆ ಏರಿ ಇಳಿದು, ಆದಷ್ಟೂ ಕೆಳಗೇ ಹಾರುತ್ತವೆ. 7 ಸಾವಿರ ಮೀಟರ್ ದಾಟಿದ್ದು ಅಪರೂಪ. ಎತ್ತರ ಏರಿದಷ್ಟೂ ಗಾಳಿ ತೆಳು, ರೆಕ್ಕೆ ಬಡಿಯುವ ಖರ್ಚು ಜಾಸ್ತಿ. ಸುಮ್ನೆ ಎತ್ತರ ಹಾರಿ ಮೆರೆಯುವ ಪೈಕಿ ಅಲ್ಲ, ಭಾರೀ ಲೆಕ್ಕಾಚಾರದ ಹಕ್ಕಿ.

ಅದೇ ಲೆಕ್ಕಾಚಾರವನ್ನು ಇಲ್ಲಿಗೆ ಬಂದಮೇಲೂ ಬಿಡುವುದಿಲ್ಲ. ಹಗಲು ಹೊತ್ತು ಕೆರೆಯ ನಡುವೆ ಕೂತಿರುತ್ತದೆ. ನಾಯಿ, ನರಿ, ಮನುಷ್ಯ ಯಾರೂ ತಟ್ಟನೆ ಹತ್ತಿರ ಬರಲಾಗದ ಜಾಗ ಅದು. ಸಂಜೆಯಾಗುತ್ತಲೇ ಸಾಲುಗಟ್ಟಿ ಎದ್ದು ಹೊಲಗಳಿಗೆ ಹೋಗುತ್ತದೆ. ಕಟಾವಾದ ಶೇಂಗಾ ಹೊಲದಲ್ಲಿ ಉಳಿದ ಕಾಯಿ, ಹಿಂಗಾರಿ ಕಡಲೆಯ ಚಿಗುರು, ಬದುವಿನ ಹುಲ್ಲು ಇವೇ ಅದರ ಊಟ. ಬಾತು ಅಂದರೆ ನೀರಿನಲ್ಲಿ ಮೇಯುವ ಹಕ್ಕಿ ಅಂತ ನಾವು ಅಂದುಕೊಂಡಿರುತ್ತೇವೆ. ಹೆಬ್ಬಾತು ಹೆಚ್ಚೂಕಡಿಮೆ ಕುರಿಯ ಹಾಗೆ. ಕೆರೆ ಅದಕ್ಕೆ ಹಟ್ಟಿ, ಹೊಲವೇ ಮೇವಿನ ಜಾಗ. ಎರಡರ ನಡುವಿನ ದೂರ ಹೆಚ್ಚಾದಷ್ಟೂ ಹಾರಾಟದ ಖರ್ಚು ಹೆಚ್ಚು. ದೂರ ಮಿತಿಮೀರಿದರೆ ಕೆರೆಯಲ್ಲಿ ಎಷ್ಟೇ ಒಳ್ಳೆಯ ನೀರಿದ್ದರೂ ಪ್ರಯೋಜನವಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಏರಿ ಹತ್ತಿ, ಫೋಟೊ ಹೊಡೆದು, ಹತ್ತೂವರೆಗೆ ಗದಗಿನಲ್ಲಿ ಮಿರ್ಚಿ ತಿನ್ನುವ ನಮ್ಮಂಥವರು ನೋಡುವುದು ಈ ಹಕ್ಕಿಯ ದಿನದ ಅರ್ಧ ಭಾಗ ಮಾತ್ರ. ನಾನೂ ಬಹಳ ವರ್ಷ ಹಾಗೇ ನೋಡಿ ಬಂದವನು. ರಾಮ್ಸಾರ್ ಪಟ್ಟಿಯ ಗಡಿ ಕೂಡ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಆ 50 ಹೆಕ್ಟೇರ್ ಹಟ್ಟಿಗೆ ರಕ್ಷಣೆ ಇದೆ, ಮೇವಿನ ಬಯಲು ರೈತರ ಖಾಸಗಿ ಜಮೀನು. ಅಲ್ಲಿ ಏನು ಬೆಳೆಯಬೇಕು ಎಂದು ತೀರ್ಮಾನಿಸುವುದು ಮಾರುಕಟ್ಟೆ, ಮಳೆ, ಕೂಲಿ ಆಳು.

ಹೆಬ್ಬಾತು ಮೇಯ್ದರೆ ರೈತರಿಗೆ ನಷ್ಟ ಅಲ್ವಾ? ನಷ್ಟ ಇಲ್ಲ ಎಂದು ಹೇಳುವುದು ಊರಿನಲ್ಲಿ ಹೊಲವಿಲ್ಲದವರ ಮಾತು. ಆದರೆ ಪೂರ್ತಿ ನಷ್ಟವೂ ಅಲ್ಲ. ಎಳೆ ಕಡಲೆ ಗಿಡದ ಕುಡಿಯನ್ನು ರೈತರೇ ಚಿವುಟುತ್ತಾರೆ. ಚಿವುಟಿದರೆ ಟಿಸಿಲು ಜಾಸ್ತಿ ಒಡೆಯುತ್ತದೆ, ಕಾಯಿ ಜಾಸ್ತಿ ಹಿಡಿಯುತ್ತದೆ. ಚಿವುಟಿದ ಸೊಪ್ಪು ಪಲ್ಯಕ್ಕೆ ಆಗುತ್ತದೆ, ಒಣಗಿಸಿಟ್ಟರೆ ಮಳೆಗಾಲಕ್ಕೂ ಬರುತ್ತದೆ. ಆ ಹಂತದಲ್ಲಿ ಹಕ್ಕಿ ಹಗುರವಾಗಿ ಮೇಯ್ದು ಹೋದರೆ ಗಿಡ ತಡೆದುಕೊಳ್ಳುತ್ತದೆ. ಹೂ ಬಿಟ್ಟು ಕಾಯಿ ಕಟ್ಟಿದ ಮೇಲೆ ನೂರಾರು ಹೆಬ್ಬಾತು ಒಂದೇ ಹೊಲಕ್ಕೆ ಇಳಿದರೆ ಕತೆ ಬೇರೆ. ಮಾಗಡಿಯ ಸುತ್ತ ಜನ ಈ ಹಕ್ಕಿಗಳನ್ನು ಬಹುಮಟ್ಟಿಗೆ ಸಹಿಸಿಕೊಂಡು ಬಂದಿದ್ದಾರೆ. ಹಿಕ್ಕೆ ಗೊಬ್ಬರವಾಗುತ್ತದೆ ಅನ್ನುವ ಲೆಕ್ಕವೂ ಅದರಲ್ಲಿದೆ. ಈ ಸಹನೆಗೆ ಯಾವ ಪಟ್ಟಿಯಲ್ಲೂ ಜಾಗವಿಲ್ಲ. ನನ್ನ ಪ್ರಕಾರ ಮಾಗಡಿಯ ಹೆಬ್ಬಾತುಗಳನ್ನು ಇಷ್ಟು ದಿನ ಉಳಿಸಿದ್ದು ಅದೇ.

ಇನ್ನು ನೀರಿನ ಆಳದ ವಿಷಯ. ‘ಕೆರೆ ತುಂಬಿದರೆ ಹಕ್ಕಿ ಬರುತ್ತದೆ’ ಅನ್ನುವುದು ಅರ್ಧ ಸತ್ಯ. ಗದ್ದೆಗೊರವದಂಥ ಚಿಕ್ಕ ಹಕ್ಕಿಗೆ ಬೇಕಾದದ್ದು ಕೆಸರು, ಅದರ ಮೇಲೆ ಒಂದು ಬೆರಳಿನಷ್ಟು ನೀರು. ಮೆಟ್ಟುಗಾಲು ಹಕ್ಕಿಗೆ ಕಾಲು ಉದ್ದ, ಅದು ಇನ್ನೂ ಸ್ವಲ್ಪ ಒಳಗೆ ಹೋಗುತ್ತದೆ. ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು ಇವೆಲ್ಲ ಮುಳುಗುವುದಿಲ್ಲ. ಬಾಲ ಮೇಲೆತ್ತಿ, ತಲೆ ಕೆಳಗೆ ಹಾಕಿ, ಕುತ್ತಿಗೆ ಎಟುಕುವಷ್ಟು ಆಳದಲ್ಲಿ ಮೇಯುತ್ತವೆ. ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣು. ಕೆಂಪುತಲೆ ಬಾತು ಮಾತ್ರ ಪೂರ್ತಿ ಮುಳುಗು ಹಾಕುವ ಜಾತಿ, ಅದಕ್ಕೆ ಮನುಷ್ಯ ನಿಲ್ಲುವ ಆಳ ಇದ್ದರೂ ಸರಿ. (2015ರಿಂದ ಇದು ಜಗತ್ತಿನ ಅಪಾಯದಂಚಿನ ಹಕ್ಕಿಗಳ ಪಟ್ಟಿಯಲ್ಲಿದೆ. ಒಂದು ಕಾಲಕ್ಕೆ ಗುಂಪುಗುಂಪಾಗಿ ಕಾಣುತ್ತಿದ್ದ ಬಾತಿಗೆ ಈ ಗತಿ ಬರುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ.)

ನಮ್ಮ ಹಳೆಯ ಕೆರೆಗಳು ಇವರೆಲ್ಲರಿಗೂ ಜಾಗ ಕೊಡುತ್ತಿದ್ದವು. ಏರಿಯ ಬುಡದಲ್ಲಿ ಆಳ, ಹಿಂದಕ್ಕೆ ಹೋದಂತೆ ನಿಧಾನವಾಗಿ ಮೇಲೇರುವ ಕೆರೆ ಅಂಗಳ. ಕಾರ್ತೀಕದಲ್ಲಿ ತುಂಬಿದ ನೀರು ಸಂಕ್ರಾಂತಿಯ ಹೊತ್ತಿಗೆ ಹಿಂದೆ ಸರಿಯುತ್ತದೆ. ಅದು ಬಿಟ್ಟುಕೊಟ್ಟ ಕೆಸರಿನಲ್ಲಿ ಗೊರವಗಳು ಹುಳ ಕೆದಕುತ್ತವೆ. ಇನ್ನೂ ಒಣಗಿದ ಮೇಲೆ ಅಲ್ಲೇ ಯಾರೋ ಸೌತೆಕಾಯಿ ಬಳ್ಳಿ ಹಾಕುತ್ತಾರೆ, ದನ ಮೇಯುತ್ತವೆ, ಸಿಪಿಲೆಗಳು ದನದ ಕಾಲ ಸಂದಿಯಲ್ಲಿ ಬಾಲ ಕುಣಿಸುತ್ತಾ ಓಡಾಡುತ್ತವೆ. ಪ್ರತಿ ವಾರ ದಡ ಬದಲಾಗುತ್ತದೆ, ಪ್ರತಿ ವಾರ ಬೇರೆ ಹಕ್ಕಿಗೆ ಊಟ.

ಈಗ ‘ಅಭಿವೃದ್ಧಿ’ಯಾದ ನಗರದ ಕೆರೆಗಳನ್ನು ನೋಡಿ. ಹೂಳು ತೆಗೆಯುವ ಹೆಸರಿನಲ್ಲಿ ಸುತ್ತಲೂ ಒಂದೇ ಸಮ ಆಳ ಮಾಡಿ, ದಡಕ್ಕೆ ಕಲ್ಲು ಜೋಡಿಸಿ, ಮೇಲೆ ವಾಕಿಂಗ್ ಪಾತ್. ಪರಾತದ ಹಾಗಿದ್ದ ಕೆರೆ ಹಂಡೆಯಾಗುತ್ತದೆ. ಹಂಡೆಯಲ್ಲಿ ನೀರು ಜಾಸ್ತಿ ಹಿಡಿಯುತ್ತದೆ ನಿಜ. ನಾಮದ ಕೋಳಿ, ನೀರುಕಾಗೆ, ಹೆಜ್ಜಾರ್ಲೆಗಳಿಗೆ ಅದು ಪರವಾಗಿಲ್ಲ. ಹೆಜ್ಜಾರ್ಲೆ ದೊಡ್ಡ ಹಕ್ಕಿ, ಫೋಟೊಗೆ ಚೆನ್ನಾಗಿ ಬರುತ್ತದೆ, ಹಾಗಾಗಿ ಕೆರೆ ಸುಧಾರಿಸಿತು ಅನ್ನುವ ಸುದ್ದಿ ಬರುತ್ತದೆ. ಗದ್ದೆಗೊರವ ಹೊರಟುಹೋದದ್ದು ಸುದ್ದಿಯಾಗುವುದಿಲ್ಲ.

ಕೋಲಾರದ ಕತೆ ಇನ್ನೂ ತೊಡಕಿನದು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ 2018ರಲ್ಲಿ ಶುರುವಾಯಿತು. ಮೊದಲ ಹಂತದ ಗುರಿ 126 ಕೆರೆ. ದಶಕಗಳಿಂದ ಒಣಗಿದ್ದ ಕೆರೆಗಳಲ್ಲಿ ನೀರು ನಿಂತಿತು. ಸಾವಿರ ಅಡಿ ಬೋರ್‌ವೆಲ್ ಕೊರೆಸಿ ಸಾಲಕ್ಕೆ ಬಿದ್ದ ರೈತರ ಮುಂದೆ ನಿಂತು, ಹಕ್ಕಿಗೆ ತೊಂದರೆಯಾಯ್ತು ಎಂದು ಹೇಳುವ ಧೈರ್ಯ ನನಗಿಲ್ಲ. ಹೇಳಲೂಬಾರದು. ಆ ನೀರು ಇನ್ನೊಂದು ಹಂತ ಶುದ್ಧವಾಗಬೇಕಿತ್ತು ಅನ್ನುವ ವಾದ ಬೇರೆಯೇ ಇದೆ. ಹಕ್ಕಿಗಳ ಮಟ್ಟಿಗೆ ಆಗುವ ಬದಲಾವಣೆ ಇಷ್ಟು: ಮಳೆಗೆ ತುಂಬಿ ಬೇಸಿಗೆಗೆ ಬತ್ತುತ್ತಿದ್ದ ಕೆರೆ ವರ್ಷಪೂರ್ತಿ ಒಂದೇ ಮಟ್ಟದಲ್ಲಿ ನಿಂತರೆ ದಡ ಹಿಂದೆ ಸರಿಯುವುದೇ ಇಲ್ಲ. ಪೋಷಕಾಂಶ ಹೆಚ್ಚಿರುವ ನೀರಿನಲ್ಲಿ ಸಲಿಕೆಯಂಥ ಕೊಕ್ಕಿನ ಶೋವೆಲರ್ ಬಾತಿಗೆ ಹಬ್ಬ. ನೀರಿನ ಮೇಲಿನ ಸಣ್ಣ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಜಾತಿ ಅದು. ಕೆಸರಿನ ಹಕ್ಕಿಗಳಿಗೆ ಮಾತ್ರ ಜಾಗ ಸಾಲದು. ಒಂದೇ ಕೆರೆ, ಒಂದೇ ನೀರು, ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಒಟ್ಟು ಸಂಖ್ಯೆ ನೋಡಿದರೆ ಇದು ಕಾಣುವುದೇ ಇಲ್ಲ.

ಮಳೆಯ ವರ್ಷಗಳು ಲೆಕ್ಕವನ್ನು ಇನ್ನಷ್ಟು ತಲೆಕೆಳಗು ಮಾಡುತ್ತವೆ. ಮುಂಗಾರು, ಹಿಂಗಾರು ಎರಡೂ ಚೆನ್ನಾಗಿ ಹೊಡೆದ ವರ್ಷ ಎಲ್ಲ ಕೆರೆ, ಕಟ್ಟೆ, ಕುಂಟೆ ತುಂಬಿರುತ್ತವೆ. ಹಕ್ಕಿಗಳು ಹತ್ತಾರು ಕಡೆ ಚದುರುತ್ತವೆ. ಪ್ರಸಿದ್ಧ ಕೆರೆಯಲ್ಲಿ ಎಣಿಸುವವರಿಗೆ ಹಕ್ಕಿ ಕಡಿಮೆ ಕಾಣುತ್ತದೆ. ಬರಗಾಲದಲ್ಲಿ ಉಳಿದ ಒಂದೆರಡು ಕೆರೆಯಲ್ಲೇ ಎಲ್ಲವೂ ಒತ್ತಿಕೊಂಡು ಕೂರುತ್ತವೆ. ಅದು ಸಂತೆಯ ಹಾಗೆ ಕಾಣುತ್ತದೆ, ದಾಖಲೆ ಸಂಖ್ಯೆ ಅನ್ನಿಸುತ್ತದೆ. ಅಂದರೆ ಹಕ್ಕಿಗೆ ಕಷ್ಟವಾದ ವರ್ಷವೇ ನಮ್ಮ ಕಣ್ಣಿಗೆ ಒಳ್ಳೆಯ ವರ್ಷವಾಗಿ ಕಾಣಬಹುದು.

ಇದರ ಅರ್ಥ ಎಣಿಕೆ ದಂಡ ಅಂತಲ್ಲ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆದುಬಂದಿದೆ. ಹತ್ತಾರು ವರ್ಷ, ನೂರಾರು ಕೆರೆಗಳ ಅಂಕಿ ಜೋಡಿಸಿದಾಗ ಮಳೆಯ ಏರುಪೇರು ತಾನಾಗಿ ಮಟ್ಟಸವಾಗಿ, ನಿಜವಾದ ಇಳಿಕೆ ಕಾಣುತ್ತದೆ. ಒಂದು ಕೆರೆ, ಒಂದು ಬೆಳಿಗ್ಗೆಯ ಅಂಕಿಯಿಂದ ತೀರ್ಪು ಕೊಡುವುದಷ್ಟೇ ತಪ್ಪು. 2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯನ್ನೇ ನೋಡಿ. ಸುಮಾರು 30 ಸಾವಿರ ಹಕ್ಕಿ ವೀಕ್ಷಕರು ಬರೆದಿಟ್ಟ 3 ಕೋಟಿ ದಾಖಲೆಗಳು ಅದರ ಬುನಾದಿ. 942 ಜಾತಿಗಳನ್ನು ಪರಿಶೀಲಿಸಿದರು. ಇಷ್ಟೆಲ್ಲ ಇದ್ದೂ ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದದ್ದು 338 ಜಾತಿಗಳಿಗೆ ಮಾತ್ರ. ಅವುಗಳಲ್ಲಿ 204 ಜಾತಿಗಳು ಇಳಿಕೆಯಲ್ಲಿವೆ. ಅತಿ ಜೋರಾಗಿ ಪೆಟ್ಟು ತಿಂದವುಗಳಲ್ಲಿ ಬಯಲು ಮತ್ತು ಹುಲ್ಲುಗಾವಲಿನ ಹಕ್ಕಿಗಳಿವೆ. ಗಮನಿಸಿ, ಕೆರೆಯ ಏರಿ ಮೇಲೆ ನಿಂತವರಿಗೆ ಕಾಣದ ಹಕ್ಕಿಗಳಿವು.

ಹಾಗಾಗಿ ಏರಿ ಇಳಿದು ಹೊಲಕ್ಕೆ ಹೋಗೋಣ. ಎಳ್ಳಮವಾಸ್ಯೆಯ ಹೊತ್ತು. ಗದಗ, ಕೊಪ್ಪಳ, ವಿಜಯಪುರದ ಎರೆ ಹೊಲಗಳಲ್ಲಿ ಬಿಳಿಜೋಳ ಎದೆಮಟ್ಟ ನಿಂತಿರುತ್ತದೆ, ನಡುವೆ ಕುಸುಬಿ ಸಾಲು, ಪಕ್ಕದಲ್ಲಿ ಕಡಲೆ. ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು ಹೋದವರ ತಲೆಯ ಮೇಲೆ, ಆಳೆತ್ತರದಲ್ಲಿ, ರೆಕ್ಕೆಯನ್ನು ಇಂಗ್ಲಿಷ್ ವಿ ಅಕ್ಷರದ ಹಾಗೆ ಎತ್ತಿ ಹಿಡಿದು ತೇಲಿ ಹೋಗುವ ತೆಳ್ಳನೆಯ ಗಿಡುಗವೊಂದು ಕಂಡರೆ ಅದು ಸೆಳೆವ. ಇಂಗ್ಲಿಷಿನಲ್ಲಿ ಹ್ಯಾರಿಯರ್. ಮಾಂಟೆಗು ಸೆಳೆವ, ಬಿಳಿ ಸೆಳೆವ ಎರಡೂ ಕಜಕಸ್ತಾನದ ಕಡೆಯ ಹುಲ್ಲುಬಯಲಿನಿಂದ ಬರುತ್ತವೆ. ಇಲ್ಲಿ ಅವುಗಳ ಊಟ ಮಿಡತೆ, ಇಲಿ, ಹಲ್ಲಿ, ಸಣ್ಣ ಹಕ್ಕಿ. ಮಿಡತೆ ಮತ್ತು ಇಲಿ ತಿನ್ನುವ ಹಕ್ಕಿಗೆ ರೈತ ಕೂಲಿ ಕೊಡಬೇಕಾಗಿಲ್ಲ.

ಸೆಳೆವದ ಜೀವನವೂ ಹೆಬ್ಬಾತಿನ ಹಾಗೇ ಎರಡು ಭಾಗ, ಆದರೆ ಹೊತ್ತು ಉಲ್ಟಾ. ಹಗಲೆಲ್ಲ ಹೊಲದ ಮೇಲೆ ಬೇಟೆ, ಸಂಜೆ ಹುಲ್ಲುಗಾವಲಿನಲ್ಲಿ ಎಲ್ಲರೂ ಒಟ್ಟಿಗೆ ನೆಲದ ಮೇಲೆ ನಿದ್ದೆ. ಮರದ ಮೇಲಲ್ಲ, ಮೊಣಕಾಲುದ್ದ ಹುಲ್ಲಿನ ನಡುವೆ. ಗುಜರಾತಿನ ವೇಳಾವದರ್, ಪಕ್ಕದ ಆಂಧ್ರದ ನಂದ್ಯಾಲ ಜಿಲ್ಲೆಯ (2022ರವರೆಗೆ ಕರ್ನೂಲು ಜಿಲ್ಲೆ) ರೋಳ್ಳಪಾಡು ಇಂಥ ನಿದ್ದೆಯ ಜಾಗಗಳಿಗೆ ಹೆಸರಾದವು. ಬೆಂಗಳೂರಿನ ಹತ್ತಿರ ಹೆಸರಘಟ್ಟ. ಹುಲ್ಲು ಹೋದರೆ ಸೆಳೆವ ಹೋಗುತ್ತದೆ. ಹೊಲದಲ್ಲಿ ಮಿಡತೆಯೇ ಉಳಿಯದಷ್ಟು ಔಷಧಿ ಹೊಡೆದರೂ ಹೋಗುತ್ತದೆ.

ಹುಲ್ಲುಗಾವಲಿಗೆ ನಮ್ಮ ಕಡತಗಳಲ್ಲಿ ಇರುವ ಹೆಸರು ಬಂಜರು, ಬೀಳು, ಖರಾಬು. ಹೆಸರೇ ಹಾಗಿದ್ದರೆ ಗತಿಯೂ ಹಾಗೇ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆ ಸೋಲಾರ್ ಪಾರ್ಕ್ ಆಯಿತು. ವಿದ್ಯುತ್ ಬೇಡ ಎಂದು ಯಾರೂ ಹೇಳುವುದಿಲ್ಲ. ಆದರೆ ‘ಏನೂ ಇಲ್ಲದ’ ಜಾಗ ಎಂದು ಹೇಳಿ ತೆಗೆದುಕೊಳ್ಳುವಾಗ ಅಲ್ಲಿ ಮೇಯುತ್ತಿದ್ದ ಕುರಿ, ಮೊಟ್ಟೆ ಇಡುತ್ತಿದ್ದ ನೆಲಗುಬ್ಬಿ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಒಳ್ಳೆಯ ಉದ್ದೇಶದಿಂದ ಆದ ಹಾನಿಯೂ ಇದೆ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಬಯಲಿನಲ್ಲಿ ನೀಲಗಿರಿ ನೆಟ್ಟರು. ಅಲ್ಲಿ ಒಂದು ಕಾಲಕ್ಕೆ ಎರೆಭೂತ ಇತ್ತು. ಎರೆ ನೆಲದ ಭೂತ, ಅಂದರೆ ಇಂಗ್ಲಿಷಿನವರ ಗ್ರೇಟ್ ಇಂಡಿಯನ್ ಬಸ್ಟರ್ಡ್. ದೂರದವರೆಗೆ ಕಣ್ಣು ಹಾಯದ ಜಾಗದಲ್ಲಿ ಅದು ನಿಲ್ಲುವುದಿಲ್ಲ. ಈಗ ಅಲ್ಲಿ ಎರೆಭೂತ ಇಲ್ಲ. ಗಿಡ ನೆಡುವುದು ಪುಣ್ಯದ ಕೆಲಸ ಅಂತ ನಾವೆಲ್ಲ ಶಾಲೆಯಲ್ಲಿ ಕಲಿತದ್ದು. ಬಯಲಿನ ಹಕ್ಕಿಯ ಪಾಲಿಗೆ ಅದು ಮನೆ ಬಾಗಿಲಿಗೆ ಗೋಡೆ ಕಟ್ಟಿದ ಹಾಗೆ.

ಹೆಸರಘಟ್ಟದಲ್ಲಿ ಮಾತ್ರ ಸ್ವಲ್ಪ ಸಮಾಧಾನ. ಫಿಲ್ಮ್ ಸಿಟಿಯಿಂದ ಹಿಡಿದು ಏನೇನೋ ಯೋಜನೆಗಳ ಮಾತು ಕೇಳಿಬಂದ ಜಾಗ ಅದು. ವರ್ಷಗಟ್ಟಲೆ ಎಳೆದಾಟದ ನಂತರ 2024ರಲ್ಲಿ 5,600ಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಿತ ಮೀಸಲು ಪ್ರದೇಶ ಮಾಡಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಅಲ್ಲಿ ಕೆರೆ, ಹುಲ್ಲು ಎರಡೂ ಒಟ್ಟಿಗೆ ಲೆಕ್ಕಕ್ಕೆ ಬಂದವು. ನನಗೆ ಇಷ್ಟವಾದ ಸಂಗತಿ ಅದೇ.

ಖಾಸಗಿ ಹೊಲಗಳಲ್ಲಿ ಇಂಥ ಆದೇಶ ನಡೆಯುವುದಿಲ್ಲ. ಕಾಲುವೆ ಬಂದ ಕಡೆ ಬಿಳಿಜೋಳ, ಕಡಲೆ ಹೋಗಿ ಕಬ್ಬು, ಗೋವಿನಜೋಳ ಬಂದಿವೆ. ಕಬ್ಬಿನ ಗದ್ದೆ ಒಂದು ಹಸಿರು ಗೋಡೆ. ಅದರೊಳಗೆ ಹೆಬ್ಬಾತು ಇಳಿಯಲಾರದು, ಸೆಳೆವ ಇಣುಕಲಾರದು. ಹಾಗಂತ ರೈತನಿಗೆ ಕಬ್ಬು ಬಿಡು ಅನ್ನಲು ನಾವ್ಯಾರು? ಬಿಳಿಜೋಳಕ್ಕೆ, ಕಡಲೆಗೆ ಒಳ್ಳೆಯ ಬೆಲೆ ಸಿಕ್ಕರೆ ಅದು ಹಕ್ಕಿಗಳಿಗೂ ಆದ ಉಪಕಾರ. ಹಕ್ಕಿಯ ಹೆಸರಿನಲ್ಲಿ ಮಾಡುವ ಎಷ್ಟೋ ಯೋಜನೆಗಳಿಗಿಂತ ಅದು ಹೆಚ್ಚು ಕೆಲಸ ಮಾಡೀತು ಎಂದು ನನ್ನ ಅನಿಸಿಕೆ.

ಗುಲಾಬಿ ಕಬ್ಬಕ್ಕಿಯ ವಿಷಯ ಹೇಳದೆ ಹೊಲದ ಮಾತು ಮುಗಿಯುವುದಿಲ್ಲ. ಜೋಳ ಹಾಲು ತುಂಬಿ ಸೀತನಿ ಸುಡುವ ಹೊತ್ತಿಗೆ ಮೋಡದ ಹಾಗೆ ಬಂದು ಇಳಿಯುವ ಹಕ್ಕಿ ಇದು. ಅಟ್ಟಣಿಗೆ ಹತ್ತಿ ಕವಣೆ ಬೀಸುತ್ತಿದ್ದದ್ದು ಇಂಥ ಹಿಂಡುಗಳಿಗಾಗಿಯೇ. ಆದರೆ ಇದು ಮರಿ ಮಾಡುವ ಚೀನಾದ ಶಿನ್‌ಜಿಯಾಂಗ್ ಕಡೆ ಜನ ಇದಕ್ಕೆಂದೇ ಗೂಡಿನ ಜಾಗ ಕಟ್ಟಿಕೊಡುತ್ತಾರೆ, ಮಿಡತೆ ತಿಂದು ಹುಲ್ಲುಗಾವಲು ಉಳಿಸುತ್ತದೆ ಅಂತ. ಒಂದೇ ಹಕ್ಕಿ, ಅಲ್ಲಿ ನೆಂಟ, ಇಲ್ಲಿ ಕಳ್ಳ.

ಈ ಚಳಿಗಾಲ ನೀವು ಯಾವುದಾದರೂ ಕೆರೆಗೆ ಹೋಗುವುದಾದರೆ ಪಟ್ಟಿಯ ಜೊತೆ ನಾಲ್ಕು ಸಾಲು ಜಾಸ್ತಿ ಬರೆಯಿರಿ. ನೀರು ಎಲ್ಲಿಯವರೆಗೆ ಇದೆ, ಕೆಸರಿನ ಅಂಚು ಎಷ್ಟು ಅಗಲ, ಸುತ್ತಲಿನ ಹೊಲದಲ್ಲಿ ಯಾವ ಬೆಳೆ, ನೀವು ನೋಡಿದ ಹೊತ್ತು ಯಾವುದು. ಹಕ್ಕಿ ಇಲ್ಲದಿದ್ದರೂ ಬರೆಯಿರಿ. ‘ಇಲ್ಲ’ ಅನ್ನುವುದೂ ದಾಖಲೆಯೇ, ಅಪರೂಪದ ಹಕ್ಕಿಯ ಫೋಟೊಗಿಂತ ಎಷ್ಟೋ ಸಲ ಹೆಚ್ಚು ಬೆಲೆಯದು. 2014ರಿಂದ 2016ರವರೆಗೆ ಮೈಸೂರಿನ ವೀಕ್ಷಕರು ಇಡೀ ನಗರವನ್ನು ಚೌಕ ಚೌಕವಾಗಿ ಹಂಚಿಕೊಂಡು, ಕೆರೆ ಇರಲಿ ಬಡಾವಣೆ ಇರಲಿ, ಪ್ರತಿ ಚೌಕದಲ್ಲೂ ಹಕ್ಕಿ ಎಣಿಸಿ ನಗರದ ಹಕ್ಕಿ ನಕಾಶೆ ಮಾಡಿದರು. ಅದೇ ರೀತಿ ಒಂದು ಕೆರೆ ಮತ್ತು ಅದರ ಸುತ್ತಲಿನ ಹತ್ತು ಕಿಲೋಮೀಟರ್ ಹೊಲವನ್ನು ಚೌಕ ಹಾಕಿ ಎಣಿಸುವುದು ಒಂದು ಕಾಲೇಜಿನ ಹುಡುಗ ಹುಡುಗಿಯರ ಕೈಯಲ್ಲಿ ಆಗದ ಕೆಲಸವೇನಲ್ಲ.

ಮಾಗಡಿಯಲ್ಲಿ ಅದಕ್ಕೆ ಮಾರ್ಚ್ ತಿಂಗಳವರೆಗೆ ಸಮಯ ಇರುತ್ತದೆ. ಆಮೇಲೆ ಕಡಲೆ ಕಿತ್ತು ರಾಶಿ ಮಾಡುತ್ತಾರೆ, ಹೊಲ ಬರಿದಾಗುತ್ತದೆ. ಹೆಬ್ಬಾತುಗಳು ಒಂದು ಸಂಜೆ ಹೊಲದ ಕಡೆ ತಿರುಗದೆ ನೇರ ಉತ್ತರಕ್ಕೆ ಹೊರಡುತ್ತವೆ.